ನಿಮ್ಮ ಮುತ್ತಜ್ಜಿಯ ಹೆಸರು ನಿಮಗೆ ಗೊತ್ತೇ?

ಒಂದು ಪ್ರಶ್ನೆ ಕೇಳುತ್ತೇನೆ. ಒಲೆಯ ಮೇಲಿನ ಸಾರು ಇಳಿಸಿ ಎರಡು ನಿಮಿಷ ಕೂತು ಯೋಚಿಸಿ. ನಿಮ್ಮ ತಾಯಿಯ ತಾಯಿಯ ತಾಯಿ, ಅಂದರೆ ನಿಮ್ಮ ಮುತ್ತಜ್ಜಿ, ಆಕೆಯ ಹೆಸರೇನು? ಯಾವ ಊರಿನ ಮಗಳು? ಎಷ್ಟು ವರ್ಷ ಬಾಳಿದರು?

ಗೊತ್ತಿದ್ದರೆ ನೀವು ಪುಣ್ಯವಂತರು. ಎರಡು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ನನಗೆ ಗೊತ್ತಿರಲಿಲ್ಲ!

ಆದದ್ದು ಹೀಗೆ. ಎಂಟನೇ ತರಗತಿಯ ನನ್ನ ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಮ್ಮ ಯಜಮಾನರು ಕೂತಲ್ಲೇ ತಮ್ಮ ಕಡೆಯ ಆರು ತಲೆಮಾರಿನ ಗಂಡಸರ ಹೆಸರು ಹೇಳಿಬಿಟ್ಟರು. ಜಮೀನಿನ ಪೌತಿ ಖಾತೆಗೆ ಓಡಾಡಿ ಅವರಿಗೆ ಅದು ಬಾಯಿಪಾಠ. ಮಗಳು ನನ್ನ ಕಡೆ ತಿರುಗಿ, "ಅಮ್ಮ, ನಿನ್ನ ಕಡೆದು ಹೇಳು" ಅಂದಳು. ಅಮ್ಮನ ಹೆಸರು ಹೇಳಿದೆ, ಅಜ್ಜಿಯ ಹೆಸರು ಹೇಳಿದೆ. ಅದರ ಮೇಲಿನ ಚೌಕಕ್ಕೆ ಬಂದಾಗ ಬಾಯಿ ಕಟ್ಟಿಹೋಯಿತು. "ಖಾಲಿ ಬಿಡಲಾ?" ಎಂದಳು ಹುಡುಗಿ. ಆ ಮಾತು ಯಾಕೋ ಚುಚ್ಚಿತು.

ಅಮ್ಮನಿಗೆ ಫೋನ್ ಮಾಡಿ ಕೇಳಿದರೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವಿಷಯ ಯಾಕೆ ಈಗ? ಅವ್ವನೇ ಎಂದೂ ಬಾಯಿ ಬಿಟ್ಟವಳಲ್ಲ" ಎಂದರು.

ಮನೆಯಲ್ಲಿ ಮುಚ್ಚಿಟ್ಟ ಮಾತು

ನನ್ನ ಅಜ್ಜಿ 2001ರಲ್ಲಿ ತೀರಿಕೊಂಡರು. ಚಿತ್ರದುರ್ಗದ ಕಡೆಯ ರೈತಾಪಿ ಮನೆತನ. ಓದು ಬರಹ ಬಾರದು, ಆದರೆ ಲೆಕ್ಕದಲ್ಲಿ ಒಂದು ಪಾವು ರಾಗಿ ತಪ್ಪುತ್ತಿರಲಿಲ್ಲ. ಅವರದೊಂದು ವಿಚಿತ್ರ ಕಟ್ಟುನಿಟ್ಟಿತ್ತು. ಮಲಗಿದ ಕೂಸನ್ನು ಬಿಟ್ಟು ಯಾರೂ ಹೊಸ್ತಿಲು ದಾಟುವಂತಿಲ್ಲ. ನೀರಿಗೆ ಹೋಗುವ ಸೊಸೆಯನ್ನೂ ತಡೆದು, "ಎಬ್ಬಿಸಿ ಮುಖ ತೋರಿಸಿ ಹೋಗು" ಎನ್ನುತ್ತಿದ್ದರು. ನಾವೆಲ್ಲ ಮುಸಿಮುಸಿ ನಗುತ್ತಿದ್ದೆವು.

ಕಾರಣ ಅಮ್ಮ ಈಗ ಹೇಳಿದರು. ಅಜ್ಜಿ ಹಸುಗೂಸಾಗಿದ್ದಾಗಲೇ ಹೆತ್ತ ತಾಯಿ ಅವರನ್ನು ಬಿಟ್ಟು ತವರಿಗೆ ಹೋದವಳು ತಿರುಗಿ ಬರಲೇ ಇಲ್ಲವಂತೆ. ಮುತ್ತಜ್ಜ ಬೇರೆ ಮದುವೆ ಮಾಡಿಕೊಂಡರು. ಅಜ್ಜಿಯನ್ನು ಬೆಳೆಸಿದ್ದು ಗಂಡ ಸತ್ತು ತವರು ಸೇರಿದ್ದ ಸೋದರತ್ತೆ. ಓರಗೆಯ ಮಕ್ಕಳು ಜಗಳವಾದಾಗಲೆಲ್ಲ "ನಿಮ್ಮವ್ವ ಬಿಟ್ಟು ಹೋದೋಳು" ಎಂದು ಆಡಿಕೊಳ್ಳುತ್ತಿದ್ದರಂತೆ. ಅಜ್ಜಿಗೆ ಏಳು ವರ್ಷವಾದಾಗ ತಂದೆಯೂ ಹೋದರು. ಕೇಳಲು ಯಾರೂ ಉಳಿಯಲಿಲ್ಲ. ಎಂಬತ್ತಮೂರು ವರ್ಷ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಾಳಿದರು.

"ಬಿಟ್ಟು ಹೋದೋಳ ಹೆಸರು ಕಟ್ಟಿಕೊಂಡು ಏನಾಗಬೇಕಿತ್ತು?" ಎಂದರು ಅಮ್ಮ. ಸರಿ, ಅವರ ಮಾತೂ ನ್ಯಾಯವೇ. ಆದರೆ ಎಂಟು ತಿಂಗಳ ಕೂಸನ್ನು ಬಿಟ್ಟು ಹೋಗುವಂಥದ್ದು ಆಕೆಗೆ ಏನಾಗಿತ್ತು ಎಂದು ಒಬ್ಬ ತಾಯಿಯಾಗಿ ನನಗೆ ನಿದ್ದೆ ಬರಲಿಲ್ಲ.

ಹುಣಸೆಹಣ್ಣು ತೋರಿಸಿದ ಅಕ್ಷರ

ಮೊದಲ ಸುಳಿವು ಸಿಕ್ಕಿದ್ದು ಪಾತ್ರೆ ತೊಳೆಯುವಾಗ. ಅಜ್ಜಿ ಅಮ್ಮನಿಗೆ ಕೊಟ್ಟಿದ್ದ ಹಿತ್ತಾಳೆ ಬಿಂದಿಗೆಯೊಂದು ಅಟ್ಟದ ಮೇಲೆ ಕರಿಹಿಡಿದು ಬಿದ್ದಿತ್ತು. ಅದರ ಕಂಠದ ಹತ್ತಿರ ಚುಕ್ಕಿಚುಕ್ಕಿಯಾಗಿ ಏನೋ ಕೊರೆದಿತ್ತು. ಅಂಗಡಿಯವನ ಗುರುತು ಎಂದೇ ಎಲ್ಲರೂ ತಿಳಿದಿದ್ದರು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಬೂದಿಯಲ್ಲಿ ಉಜ್ಜಿ ಬಿಸಿಲಿಗೆ ಹಿಡಿದೆ. ನೋಡಿ, ಅಕ್ಷರ! ಒಂದು ಹೆಣ್ಣಿನ ಹೆಸರು, ಪಕ್ಕದಲ್ಲಿ ಒಂದು ಊರಿನ ಹೆಸರು.

ಹೆಣ್ಣಿಗೆ ತವರಿನಿಂದ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೊರೆಸುವುದು ನಮ್ಮಲ್ಲಿ ಹಳೆಯ ಪದ್ಧತಿ, ನಿಮ್ಮ ಮನೆಯಲ್ಲೂ ಇರಬಹುದು. ಪಹಣಿಯಲ್ಲಿ ಇಲ್ಲದ, ಪಟ್ಟೆಯಲ್ಲಿ ಇಲ್ಲದ ಹೆಂಗಸರ ಹೆಸರು ಪಾತ್ರೆಯ ಮೇಲೆ ಇರುತ್ತದೆ. ಅದನ್ನೇ ನಾವು ಹಳೇ ಪಾತ್ರೆಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟು ಸ್ಟೀಲು ಡಬ್ಬ ತಂದುಕೊಳ್ಳುತ್ತೇವೆ!

ಆ ಊರಿನ ಹೆಸರು ಓದಿ ಬೆಚ್ಚಿದೆ. ಅದು ದೂರದ ಊರೇನಲ್ಲ. ಆ ಬೋರ್ಡಿನ ಬಸ್ಸು ದಿನಕ್ಕೆ ನಾಲ್ಕು ಸಲ ಅಮ್ಮನ ಮನೆಯ ಮುಂದೆಯೇ ಹೋಗುತ್ತದೆ.

ಹೆಳವರು ಹೇಳಿದ್ದು

ಸುಗ್ಗಿ ಮುಗಿದ ಮೇಲೆ ಅಜ್ಜಿಯ ತವರುಮನೆಗೆ ಹೆಳವರು ಬಂದಿದ್ದಾರೆ ಎಂದು ಸುದ್ದಿ ಬಂತು. ಹೆಳವರು ಅಂದರೆ ಒಕ್ಕಲು ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಮನೆಬಾಗಿಲಿಗೆ ಬಂದು ಓದಿ ಹೇಳಿ, ಕಾಳುಕಡ್ಡಿ, ಬಟ್ಟೆ, ಕಾಣಿಕೆ ಪಡೆದು ಹೋಗುವವರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ನಮ್ಮ ಮನೆತನದ ಹೆಳವರು ಈಗ ಮೋಟಾರು ಬೈಕಿನಲ್ಲಿ ಬರುತ್ತಾರೆ, ಪುಸ್ತಕ ಮಾತ್ರ ಕೆಂಪು ಬಟ್ಟೆಯಲ್ಲಿ ಸುತ್ತಿದ್ದೇ.

ಅಮ್ಮನನ್ನು ಕರೆದುಕೊಂಡು ಓಡಿದೆ. ಅವರು ರಾಗವಾಗಿ ಓದುತ್ತ ಬಂದರು. ಇಂಥವನ ಮಗ ಇಂಥವನು, ಅವನ ಮಕ್ಕಳು ಮೂವರು. ಎಲ್ಲ ಗಂಡಸರೇ. ಮುತ್ತಜ್ಜನ ಹೆಸರು ಬಂದಾಗ ಕೈ ಅಡ್ಡ ಹಿಡಿದು ಕೇಳಿದೆ, "ಇವರ ಮೊದಲನೇ ಹೆಂಡತಿ?" ಪುಟದ ಮೇಲೆ ಬೆರಳಾಡಿಸಿ, "ಇಬ್ಬರು ಹೆಂಡಿರು ತಾಯೀ. ಮೊದಲನೆಯಾಕೆ ಈ ಊರಿನ ಮಗಳು, ಹೆಣ್ಣು ಸಂತಾನ ಒಂದು" ಎಂದರು. ಹೆಸರು ಬರೆದಿರಲಿಲ್ಲ. ಆದರೆ ಊರು? ಬಿಂದಿಗೆಯ ಮೇಲಿದ್ದ ಊರೇ! ಪಕ್ಕದಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡರು.

ಅಟ್ಟದ ಮೇಲಿನ ಲೆಕ್ಕದ ಪುಸ್ತಕ

ಆ ಮನೆಯಲ್ಲಿ ಈಗಿರುವುದು ಮುತ್ತಜ್ಜನ ಎರಡನೇ ಸಂಸಾರದ ಮೊಮ್ಮಗ, ವರಸೆಯಲ್ಲಿ ನನಗೆ ದೊಡ್ಡಪ್ಪ. ನಮ್ಮ ಸಡಗರ ನೋಡಿ ಅವರೇ, "ಅಟ್ಟದ ಮೇಲೆ ಹಳೇ ಪೆಟ್ಟಿಗೆ ಐತೆ, ನೋಡ್ಕೊಳ್ಳಿ. ಗೆದ್ದಲು ಬಿಟ್ಟಿದ್ರೆ ನಿಮ್ಮ ಪುಣ್ಯ" ಎಂದರು.

ಗೆದ್ದಲು ಅರ್ಧ ಬಿಟ್ಟಿತ್ತು. ಎರಡು ಕ್ರಯಪತ್ರ, ಒಂದು ಹರಿದ ಪಂಚಾಂಗ, ಮುತ್ತಜ್ಜ ಬರೆದಿದ್ದ ಮನೆಖರ್ಚಿನ ಉದ್ದನೆಯ ಲೆಕ್ಕದ ಪುಸ್ತಕ. ಆ ಕೈಬರಹ ನನಗೆ ಓದಲಾಗಲಿಲ್ಲ. ನಮ್ಮ ಬೀದಿಯಲ್ಲಿರುವ ನಿವೃತ್ತ ಮೇಷ್ಟ್ರಿಗೆ ಒಂದು ವಾರ ಸಂಜೆ ಹೊತ್ತು ಕಾಫಿ, ಕೋಡುಬಳೆ ಕೊಟ್ಟು ಓದಿಸಿದೆ. ರೂಪಾಯಿ, ಆಣೆ, ಪೈ ಲೆಕ್ಕ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತಾರೀಖಿನ ಬದಲು ಸಂವತ್ಸರ, ಮಾಸ, ತಿಥಿ.

ಪಿಂಗಳ ಸಂವತ್ಸರದ ಮಾಘ ಶುದ್ಧದಲ್ಲಿ, "ಹೆಣ್ಣು ಶಿಶು ಜನನ, ಸಕ್ಕರೆ ಹಂಚಿದ್ದು" ಎಂದಿತ್ತು. ಅದು ನನ್ನ ಅಜ್ಜಿ. ಮೇಷ್ಟ್ರು ಲೆಕ್ಕ ಹಾಕಿ, ಇದು 1918ರ ಫೆಬ್ರವರಿ ಎಂದರು.

ಮುಂದೆ ಕಾಳಯುಕ್ತಿ ಸಂವತ್ಸರದ ಆಶ್ವೀಜ ಬಹುಳಕ್ಕೆ ಬಂದಾಗ ಮೇಷ್ಟ್ರ ಓದು ನಿಧಾನವಾಯಿತು. ಅಲ್ಲಿ ಮುತ್ತಜ್ಜಿಯ ಹೆಸರು ಇತ್ತು, ಬಿಂದಿಗೆಯ ಮೇಲಿದ್ದ ಅದೇ ಹೆಸರು. ಅದರ ಮುಂದೆ ಹೀಗೆ: "ತವರಿಗೆ ಗಾಡಿ ಬಾಡಿಗೆ, ಹೋಗಿ ಬರಲು, 1 ರೂ. 4 ಆಣೆ." ಮಾರನೆಯ ದಿನದಿಂದ "ಮಗುವಿಗೆ ಮೇಕೆ ಹಾಲು, ಅರ್ಧ ಆಣೆ." ಪ್ರತಿದಿನ ಅದೇ ಸಾಲು. ಆಮೇಲೆ ಹಲವು ದಿನ ಏನೂ ಬರೆದಿಲ್ಲ. ಕಾರ್ತಿಕ ಶುದ್ಧದಲ್ಲಿ ಒಂದೇ ಸಾಲು: "ತಿಥಿ ಸಾಮಾನು, ಅಕ್ಕಿ, ಬೆಲ್ಲ, ಎಣ್ಣೆ." ಪಕ್ಕದಲ್ಲಿ ಮತ್ತೆ ಅವಳ ಹೆಸರು.

ಮೇಷ್ಟ್ರು ಕನ್ನಡಕ ತೆಗೆದು, "ಅಮ್ಮಾ, ಇದು 1918ರ ಅಕ್ಟೋಬರ್, ನವೆಂಬರ್. ಇನ್‌ಫ್ಲುಯೆಂಜಾ ಬಂದ ಕಾಲ" ಎಂದರು.

ನಾವು ಕೊರೊನಾ ಕಂಡವರು, ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ ಬಂದ ಆ ಜ್ವರಕ್ಕೆ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಮುಂಗಾರು ಬೇರೆ ಕೈಕೊಟ್ಟ ವರ್ಷ, ಕಾಳಿನ ಬೆಲೆ ಗಗನಕ್ಕೇರಿತ್ತು. ಮುದುಕರಿಗಿಂತ ಇಪ್ಪತ್ತು ನಲವತ್ತರ ನಡುವಿನ ಗಟ್ಟಿಮುಟ್ಟಾದವರೇ ಹೆಚ್ಚಾಗಿ ಹೋದರು. ಅದರಲ್ಲೂ ನಮ್ಮ ದೇಶದಲ್ಲಿ ಹೆಂಗಸರ ಸಾವು ಹೆಚ್ಚು. ಕಾರಣ ನಿಮಗೇ ಗೊತ್ತು. ಜ್ವರ ಬಂದವರ ಪಕ್ಕ ಕೂತು ಗಂಜಿ ಕುಡಿಸುವವರು ಯಾರು? ಹೊಟ್ಟೆಗಿಲ್ಲದ ವರ್ಷ ಕೊನೆಯಲ್ಲಿ ಉಣ್ಣುವವರು ಯಾರು?

ಹೊಂಗೆ ಮರದ ಕೆಳಗೆ

ಮುಂದಿನ ಭಾನುವಾರ ಅದೇ ಬಸ್ಸು ಹತ್ತಿದೆವು, ನಾನು, ಅಮ್ಮ, ನನ್ನ ಮಗಳು. ನಲವತ್ತು ನಿಮಿಷದ ದಾರಿ. ಮುತ್ತಜ್ಜಿಯ ತವರುಮನೆ ಕೇಳಿಕೊಂಡು ಹೋದೆವು. ಅಲ್ಲಿ ಎಂಬತ್ತೆಂಟು ವರ್ಷದ ಅಜ್ಜಿಯೊಬ್ಬರಿದ್ದರು. ಮುತ್ತಜ್ಜಿಯ ಕಿರಿಯ ತಮ್ಮನ ಸೊಸೆ ಆಕೆ. ಆಕೆಯ ಅತ್ತೆ ಅದೇ ಊರಿನವರು, ಆ ಜ್ವರದ ವರ್ಷ ಹತ್ತು ವರ್ಷದ ಹುಡುಗಿಯಂತೆ. ಕಣ್ಣಾರೆ ಕಂಡದ್ದನ್ನು ಸೊಸೆಗೆ ಹೇಳಿದ್ದರು.

"ತಾಯಿಗೆ ಜ್ವರ ಅಂತ ಹೇಳಿಕಳಿಸಿದ್ರಂತೆ. ನೋಡಿ ಬರ್ತೀನಿ ಅಂತ ಬಂದಳಂತೆ. ಜ್ವರದ ಮನೆಗೆ ಕೂಸು ತರಬಾರದು ಅಂತ ಬಿಟ್ಟು ಬಂದಿದ್ದಳು. ತಾಯಿ ಹೋದಳು, ಅಣ್ಣ ಹೋದ, ಇವಳೂ ಮಲಗಿದಳು. ಎದೆ ಹಾಲು ಕಟ್ಟಿಕೊಂಡು ಒದ್ದಾಡಿದಳಂತೆ ಮಗಳೇ. ಗಾಡಿ ಕಟ್ಟಿ, ಕೂಸು ಅಳ್ತಾ ಐತೆ ಅಂತಲೇ ಅಂತಿದ್ದಳಂತೆ, ಕೊನೇವರೆಗೂ."

ನನ್ನ ಅಮ್ಮ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟರು.

ಹೊಲದ ಬದುವಿನಲ್ಲಿ ಹೊಂಗೆ ಮರದ ಕೆಳಗೆ ನಾಲ್ಕು ಕಲ್ಲು ತೋರಿಸಿದರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಆ ಮನೆಯವರು ಒಂದು ಎಲೆ ಹೆಚ್ಚಿಗೆ ಹಾಕುತ್ತಾರಂತೆ. "ಯಾರಿಗೆ ಅಂತ ಹುಡುಗರು ಕೇಳ್ತವೆ. ಮನೆ ಮಗಳಿಗೆ ಅಂತ ಹೇಳ್ತೀನಿ. ಹೆಸರು ನನಗೂ ಗೊತ್ತಿರಲಿಲ್ಲ" ಎಂದರು ಆ ಅಜ್ಜಿ. ನನ್ನ ಮಗಳು ಹತ್ತಿರ ಹೋಗಿ ಮೆಲ್ಲಗೆ ಆ ಹೆಸರು ಹೇಳಿದಳು.

ಹಾಗಾದರೆ "ಬಿಟ್ಟು ಹೋದಳು" ಎಂಬ ಮಾತು ಹುಟ್ಟಿದ್ದು ಹೇಗೆ? ಅಮ್ಮನೇ ನೆನಪು ಮಾಡಿಕೊಂಡು ಹೇಳಿದರು. ಕೂಸು ಮಾತು ಕಲಿತು "ಅವ್ವ ಎಲ್ಲಿ?" ಎಂದು ಕೇಳಿದಾಗ ಸೋದರತ್ತೆ, "ತವರಿಗೆ ಹೋಗಿದಾಳೆ ಕಣವ್ವ, ಬರ್ತಾಳೆ" ಎನ್ನುತ್ತಿದ್ದರಂತೆ. ನಾವೂ ಮಕ್ಕಳಿಗೆ ಹೀಗೇ ಹೇಳುತ್ತೇವೆ, ಅಲ್ಲವೇ? ಅಳು ನಿಲ್ಲಿಸಲು ಹೇಳಿದ ಒಂದು ಸಮಾಧಾನದ ಮಾತು. ಬರುತ್ತಾಳೆ ಎಂದವಳು ಬರಲಿಲ್ಲ. ಆಗ ಅದು ಬಿಟ್ಟುಹೋದ ಕಥೆಯಾಯಿತು. ಸುಳ್ಳು ಹೇಳಿದವರಲ್ಲಿ ಕೇಡು ಇರಲಿಲ್ಲ. ಆದರೂ ಒಂದು ಜೀವ ಎಂಬತ್ತಮೂರು ವರ್ಷ ನೋಯಿತು.

ಮುತ್ತಜ್ಜನ ಮೇಲೆ ನನಗೆ ಮೊದಲು ಕೋಪ ಬಂದಿತ್ತು, ಸುಳ್ಳೇಕೆ. ಸಿದ್ಧಾರ್ಥಿ ಸಂವತ್ಸರದ ವೈಶಾಖದಲ್ಲೇ, ಅಂದರೆ ಆರು ತಿಂಗಳಿಗೆ, ಅದೇ ಪುಸ್ತಕದಲ್ಲಿ ಎರಡನೇ ಮದುವೆಯ ಖರ್ಚು ಬರೆದಿದ್ದಾರೆ. ಆದರೆ ಅದರ ಹಿಂದಿನ ಪುಟಗಳಲ್ಲೆಲ್ಲ ಮೇಕೆ ಹಾಲಿನ ಸಾಲು ಒಂದು ದಿನವೂ ತಪ್ಪಿಲ್ಲ. ಅದನ್ನೂ ನೋಡಿದ ಮೇಲೆ ಕೋಪ ತಣ್ಣಗಾಯಿತು.

ಆದರೆ ಒಂದು ಸಂಕಟ ಮಾತ್ರ ಹೋಗಿಲ್ಲ. ಆ ಪುಸ್ತಕ ಇದ್ದದ್ದು ಅಜ್ಜಿಯ ತವರಿನ ಅಟ್ಟದ ಮೇಲೆ. ಹಬ್ಬಕ್ಕೆ ಬಂದಾಗೆಲ್ಲ ಅದೇ ಅಟ್ಟದ ಕೆಳಗೆ ಮಲಗಿದ್ದಾರೆ. ನಾಲ್ಕು ಬಾಣಂತನ ಅಲ್ಲೇ ಆಗಿದೆ. "ಹೋಗಿ ಬರಲು" ಎಂಬ ಎರಡು ಪದವನ್ನು ಅವ್ವನಿಗೆ ಓದಿ ಹೇಳುವವರು ಒಬ್ಬರೂ ಇರಲಿಲ್ಲವಲ್ಲೇ ಎಂದು ಅಮ್ಮ ಇವತ್ತಿಗೂ ಹಲುಬುತ್ತಾರೆ. ಬಿಟ್ಟು ಹೋಗುವವಳಿಗೆ ಯಾರಾದರೂ ಬರುವ ಬಾಡಿಗೆ ಕೊಡುತ್ತಾರೆಯೇ?

ನೀವೂ ಹುಡುಕಿ ನೋಡಿ

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ನಾನೇ ಹೈಸ್ಕೂಲು ದಾಟಿದವಳಲ್ಲ. ನನ್ನ ಅನುಭವದಲ್ಲಿ ಕಂಡ ಕೆಲವು ಮಾತು ಹೇಳುತ್ತೇನೆ.

ಮೊದಲು ಹಿರಿಯರನ್ನು ಕೇಳಿ. ಕಾಗದ ಆಮೇಲೂ ಸಿಗುತ್ತದೆ, ಅವರು ಸಿಗುವುದಿಲ್ಲ. "ಯಾವ ಇಸವಿ?" ಎಂದು ಕೇಳಬೇಡಿ, ಕಂಗಾಲಾಗುತ್ತಾರೆ. "ಗಾಂಧಿ ಸತ್ತಾಗ ನಿಮಗೆ ಮದುವೆಯಾಗಿತ್ತಾ?" ಎಂದು ಕೇಳಿ. ಅದು 1948ರ ಜನವರಿ. "ಕರ್ನಾಟಕ ಒಂದಾದಾಗ ಯಾವ ಮಗು ಕೈಯಲ್ಲಿತ್ತು?" ಅದು 1956ರ ನವೆಂಬರ್. ಇಂಥ ಗುರುತಿನಿಂದ ವರ್ಷ ತಾನೇ ಹೊರಬರುತ್ತದೆ. ಒಪ್ಪಿದರೆ ಮೊಬೈಲಿನಲ್ಲಿ ಅವರ ಮಾತು ಹಿಡಿದಿಡಿ.

ಸಂವತ್ಸರದ ಲೆಕ್ಕ ಕಲಿಯಿರಿ. ಅರವತ್ತು ಸಂವತ್ಸರ ಒಂದು ಸುತ್ತು. ಪ್ರಭವ ಬಂದದ್ದು 1867, 1927, 1987ರ ಯುಗಾದಿಗೆ. ಪಂಚಾಂಗದಲ್ಲಿ ಅರವತ್ತು ಹೆಸರಿನ ಪಟ್ಟಿ ಇರುತ್ತದೆ, ಪ್ರಭವದಿಂದ ಎಣಿಸಿ. ಕಾಳಯುಕ್ತಿ 52ನೆಯದು, ಆದ್ದರಿಂದ 1918. ಅದೇ ಹೆಸರು 1858ರಲ್ಲೂ 1978ರಲ್ಲೂ ಬರುತ್ತದೆ, ಯಾವ ಸುತ್ತು ಎಂದು ನೋಡಿಕೊಳ್ಳಿ. ಇನ್ನೊಂದು ಎಚ್ಚರ: ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಇಸವಿ ಜನವರಿಗೆ. ಪಿಂಗಳ 1917ರಲ್ಲಿ ಶುರುವಾದರೂ ಅದರ ಮಾಘಮಾಸ 1918ಕ್ಕೆ ಬಿತ್ತು. ಹಿರಿಯರು "ಧಾತು ಈಶ್ವರದ ಬರ" ಎಂದರೆ ಅದು 1876ರಿಂದ 78ರ ಮಹಾಕ್ಷಾಮ.

ಮನೆಯಲ್ಲಿ ಹುಡುಕುವ ಜಾಗಗಳು: ಪಾತ್ರೆಯ ಕಂಠ ಮತ್ತು ತಳ, ಪಂಚಾಂಗದ ಅಂಚು, ಜಾತಕ, ಲಗ್ನಪತ್ರಿಕೆ, ಫೋಟೋದ ಹಿಂಬದಿ, ಲೆಕ್ಕದ ಪುಸ್ತಕ. ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಸವರಿ ಬಳಪದಲ್ಲಿ ಬರೆದಿರುತ್ತಾರೆ. ಒರೆಸಿದರೆ ಅಕ್ಷರವೇ ಹೋದೀತು, ಜೋಕೆ.

ಹೊರಗೆ ಹುಡುಕುವುದಾದರೆ ಶಾಲೆಯ ದಾಖಲಾತಿ ರಿಜಿಸ್ಟರ್, ಉಪನೋಂದಣಿ ಕಚೇರಿಯ ಹಳೆಯ ಪತ್ರಗಳ ನಕಲು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು 1961ರ ಕಾಯಿದೆಯಿಂದ ರದ್ದಾದವು. ಅವರ ವಂಶದವರ ಮನೆಯಲ್ಲೂ ಹಳೆಯ ಕಾಗದ ಉಳಿದಿರುವುದುಂಟು, ವಿನಯದಿಂದ ಕೇಳಿ. ಶಾಲೆಯ ಜನ್ಮದಿನವನ್ನು ಮಾತ್ರ ಪೂರ್ತಿ ನಂಬಬೇಡಿ. ಅದೆಷ್ಟೋ ಮಕ್ಕಳ ಹುಟ್ಟಿದ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು.

ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಕೆಲವು ಮನೆತನಗಳಲ್ಲಿತ್ತು. ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಒಂದು ಹೆಸರು ಸಿಕ್ಕರೆ ಇಬ್ಬರೆಂದು ತಿಳಿಯಬೇಡಿ.

ಕಾಗದ ಸಿಕ್ಕರೆ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಟೇಪು ಹಚ್ಚಬೇಡಿ. ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಜೊತೆಗಿಟ್ಟು, ತೇವವಿಲ್ಲದ ಕಡೆ ಇಡಿ.

ಕೊನೆಯದಾಗಿ ಒಂದು ಮಾತು. ಹುಡುಕಿದರೆ ಸಿಹಿಯೇ ಸಿಗುತ್ತದೆ ಎಂದೇನಿಲ್ಲ. ಯಾರದೋ ತಪ್ಪು, ಯಾರದೋ ಸಾಲ, ಯಾರದೋ ಕಣ್ಣೀರು ಸಿಗಬಹುದು. ಸಿಕ್ಕಿದ್ದನ್ನು ಬೀದಿಯಲ್ಲಿ ಹರಡಬೇಡಿ. ಅದಕ್ಕೇ ನಾನೂ ಮುತ್ತಜ್ಜಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮನೆಯ ಹಿರಿಯರಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ. ಆದರೆ ನನ್ನ ಮಗಳ ವಂಶವೃಕ್ಷದ ಹಾಳೆಯಲ್ಲಿ ಆ ಚೌಕ ಈಗ ಖಾಲಿಯಿಲ್ಲ. ಶಾಲೆಗೆ ಒಪ್ಪಿಸುವ ದಿನ ಎಂದೋ ಕಳೆದುಹೋಗಿತ್ತು, ಆದರೂ ಬರೆದಳು.

ಈ ಸಲದ ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲೂ ಒಂದು ಎಲೆ ಹೆಚ್ಚಿಗೆ ಹಾಕಿದೆವು. ಎಡೆಯ ಮುಂದೆ ಆ ಬಿಂದಿಗೆಯಲ್ಲಿ ನೀರಿಟ್ಟು ಅಮ್ಮ ಅಜ್ಜಿಯ ಫೋಟೋದ ಕಡೆ ತಿರುಗಿ, "ಅವ್ವಾ, ನಿಮ್ಮವ್ವ ಬರೋಕೇ ಹೊರಟಿದ್ದಳಂತೆ ಕಣೇ" ಎಂದರು.

ನಿಮ್ಮ ಮನೆಯಲ್ಲಿ ಅತ್ತೆಯೋ ಅಜ್ಜಿಯೋ ಇದ್ದರೆ ಇವತ್ತು ಸಂಜೆ ಕಾಫಿ ಕೊಡುವಾಗ ಲೋಟ ಕೊಟ್ಟು ಎದ್ದು ಬರಬೇಡಿ. ಪಕ್ಕದಲ್ಲಿ ಕೂತು, "ನಿಮ್ಮಮ್ಮನ ಹೆಸರೇನು?" ಎಂದು ಕೇಳಿ. ಅವರನ್ನು ಆ ಪ್ರಶ್ನೆ ಕೇಳಿ ಎಷ್ಟು ವರ್ಷವಾಯಿತೋ!